ಕಾಪುವಿನ ಬಾವಿಯೂ ನಮ್ಮ ನೀಲಿ ಬೆಳಕೂ

ಕಾಪುವಿನಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದವರ ತಗಡಿನ ಶೆಡ್ಡುಗಳ ನಡುವೆ ಒಂದು ಬಾವಿ ಇತ್ತು. ಆ ಬಾವಿಯ ಬಾಯಿಗೆ ಹಲಗೆ ಹೊಡೆಸಿದವರು ನಾವು. ನಾವು ಎಂದರೆ ನಮ್ಮ ಪ್ರೊಫೆಸರರು, ಅವರ ಕ್ವಾಂಟಂ ಡಾಟುಗಳು, ಮತ್ತು ಆ ಎರಡನ್ನೂ ಹೊತ್ತು ತಿರುಗುತ್ತಿದ್ದ ಪ್ರಾಜೆಕ್ಟ್ ಅಸಿಸ್ಟೆಂಟ್ ಆದ ನಾನು. ಆ ಹಲಗೆಯನ್ನು ಕೀಳಿಸಲು ಪಟ್ಟ ಪಾಡನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ದೊಡ್ಡ ಸಂಶೋಧನೆ ಏನೂ ಇಲ್ಲ. ದೊಡ್ಡ ಸಂಶೋಧನೆ ಮಾಡಿದ್ದೇವೆ ಎಂದು ಬೀಗಿದವರ ದಡ್ಡತನ ಮಾತ್ರ ಇದೆ, ಅದು ಧಾರಾಳವಾಗಿ ಇದೆ.

ಎರಡು ಸಾವಿರದ ಎಂಟರ ಸುಮಾರಿಗೆ ನಮ್ಮ ಕಡೆಯ ಕಾಲೇಜುಗಳಿಗೆಲ್ಲ ನ್ಯಾನೋ ಜ್ವರ ಬಂದಿತ್ತು. ನಿನ್ನೆಯವರೆಗೆ ಸಾಬೂನಿನ ಗುಣಮಟ್ಟದ ಬಗ್ಗೆ ಉಪನ್ಯಾಸ ಕೊಡುತ್ತಿದ್ದವರು ಬೆಳಗಾಗುವುದರೊಳಗೆ ನ್ಯಾನೋ ತಜ್ಞರಾದರು. ಮಣಿಪಾಲದ ಆಸುಪಾಸಿನ ನಮ್ಮ ಕಾಲೇಜಿನಲ್ಲಿಯೂ ರಸಾಯನಶಾಸ್ತ್ರ ವಿಭಾಗದ ಬಾಗಿಲಿಗೆ ಹೊಸ ಬೋರ್ಡು ಬಿತ್ತು. ಒಳಗಿನ ಬ್ಯೂರೆಟ್ಟುಗಳು ಮಾತ್ರ ಹಳೆಯವು, ಅವು ಮೊದಲಿನ ಹಾಗೆಯೇ ಸೋರುತ್ತಿದ್ದವು. ನಾನು ಬೆಳ್ಮಣ್ಣಿನಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಪ್ರೊಫೆಸರರ ಪ್ರಾಜೆಕ್ಟಿನಲ್ಲಿ ಕೆಲಸ, ಅವರ ಕೈಕೆಳಗೇ ಡಾಕ್ಟರೇಟು. ನನ್ನ ಪ್ರಬಂಧಕ್ಕೆ ಸಹಿ ಬೀಳಬೇಕಾದರೆ ಅದು ಅವರ ಪೆನ್ನಿನಿಂದಲೇ ಬೀಳಬೇಕಿತ್ತು.

ಕ್ವಾಂಟಂ ಡಾಟ್ ಎಂದರೆ ಕಣ್ಣಿಗೆ ಎಂದೂ ಕಾಣಿಸದಷ್ಟು ಸಣ್ಣ ಕಣ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಅದರ ಮೇಲೆ ಬಿಟ್ಟರೆ ಅದು ಬಣ್ಣದ ಬೆಳಕನ್ನು ತಿರುಗಿ ಕೊಡುತ್ತದೆ. ಒಂದೇ ವಸ್ತುವಾದರೂ ಕಣ ಸಣ್ಣದಾದಷ್ಟೂ ಬಣ್ಣ ನೀಲಿಯ ಕಡೆಗೆ, ದೊಡ್ಡದಾದಷ್ಟೂ ಕೆಂಪಿನ ಕಡೆಗೆ. ಮೊದಲು ಇವನ್ನು ಕ್ಯಾಡ್ಮಿಯಂನಿಂದ ಮಾಡುತ್ತಿದ್ದರು. ಅದು ವಿಷ, ಅದರ ಸಾಮಗ್ರಿಯೋ ನಮ್ಮಂಥವರ ಕೈಗೆ ಎಟುಕದ್ದು. ಆಮೇಲೆ ಹೊರದೇಶದಲ್ಲಿ ಯಾರೋ ಮೇಣದಬತ್ತಿಯ ಮಸಿಯನ್ನು ನೈಟ್ರಿಕ್ ಆಮ್ಲದಲ್ಲಿ ಕುದಿಸಿ ಇಂಗಾಲದ ಡಾಟುಗಳನ್ನು ಮಾಡಿದರು. ಮಸಿ ಮತ್ತು ಆಮ್ಲ, ಇಷ್ಟೇ ಖರ್ಚು. ಇದನ್ನು ಓದಿದ ದಿನ ಪ್ರೊಫೆಸರರು ಹಬ್ಬದ ಮುಖ ಮಾಡಿಕೊಂಡು ಬಂದರು.

"ಮೇಣದಬತ್ತಿ ಎಂತಕ್ಕೆ ಮಾರಾಯ್ರೆ? ನಮ್ಮದು ದೀಪ. ತೆಂಗಿನೆಣ್ಣೆ, ಹತ್ತಿಯ ಬತ್ತಿ. ನಮ್ಮ ಅಜ್ಜಿಯಂದಿರು ಕಾಡಿಗೆ ಮಾಡಿದ್ದು ಹೇಗೆ? ಅವರು ಕಣ್ಣಿಗೆ ಹಚ್ಚಿಕೊಂಡದ್ದೇ ಕ್ವಾಂಟಂ ಡಾಟು!"

ನನ್ನ ಅಜ್ಜಿ ಕಾಡಿಗೆ ಮಾಡುತ್ತಿದ್ದದ್ದು ನಿಜ. ಆದರೆ ಅದನ್ನು ಅವರು ನೈಟ್ರಿಕ್ ಆಮ್ಲದಲ್ಲಿ ಕುದಿಸುತ್ತಿರಲಿಲ್ಲ. ಇದನ್ನು ಹೇಳಬೇಕೆಂದು ನಾಲಿಗೆ ತುದಿಯವರೆಗೆ ಬಂತು. ದೀಪ ಹಚ್ಚಲು ಹೋದೆ.

ಕೆಲಸದ ಕ್ರಮ ಹೀಗಿತ್ತು. ಸಾಲಾಗಿ ದೀಪಗಳನ್ನು ಉರಿಸಿ ಅವುಗಳ ಮೇಲೆ ಸ್ಟೀಲಿನ ತಟ್ಟೆ ಬೋರಲು ಹಾಕುವುದು. ತಟ್ಟೆಗೆ ಹಿಡಿದ ಮಸಿಯನ್ನು ಬ್ಲೇಡಿನಿಂದ ಕೆರೆದು ಒಟ್ಟುಮಾಡುವುದು. ದುಂಡು ತಳದ ಫ್ಲಾಸ್ಕಿನಲ್ಲಿ ಆಮ್ಲದ ಜೊತೆ ಹಾಕಿ, ಮೇಲೆ ನೀರು ಹರಿಯುವ ಕಂಡೆನ್ಸರ್ ಕೂರಿಸಿ ಕುದಿಸುವುದು. ಫ್ಲಾಸ್ಕಿನ ಬಾಯಿಂದ ಕಂದು ಹೊಗೆ ಏಳುತ್ತದೆ, ಗಂಟಲು ಸುಡುವಂಥದ್ದು. ಹೊಗೆ ಎಳೆಯುವ ಫ್ಯಾನು ಕೆಟ್ಟಿದ್ದರಿಂದ ನಾನು ಈ ಕುದಿಸುವಿಕೆಯನ್ನು ಹಿಂದಿನ ಜಗಲಿಯಲ್ಲಿ, ಬಾಯಿಗೆ ದುಪಟ್ಟಾ ಕಟ್ಟಿಕೊಂಡು ಮಾಡುತ್ತಿದ್ದೆ. ಬೋರ್ಡು ಬರೆಸಲು ಇದ್ದ ದುಡ್ಡು ಫ್ಯಾನಿಗೆ ಇರಲಿಲ್ಲ. ಕುದಿದು ತಣಿದ ಮೇಲೆ ಒಗೆಯುವ ಸೋಡಾಖಾರ ಹಾಕಿ ಆಮ್ಲವನ್ನು ಸಾಯಿಸಬೇಕು, ನೊರೆ ನಿಂತ ಮೇಲೂ ಇನ್ನಷ್ಟು ಹಾಕಿ ಬಿಸಿ ಮಾಡಬೇಕು. ಬಳಿಕ ಸೋಸಿ ಕರಿ ಚರಟವನ್ನು ಬಿಟ್ಟು ತಿಳಿಯನ್ನು ಇಟ್ಟುಕೊಳ್ಳಬೇಕು. ಡಾಟುಗಳು ಇದ್ದರೆ ಆ ತಿಳಿಯಲ್ಲಿ.

ನಾನು ಪ್ರಯೋಗಶಾಲೆಯ ಸೋಸು ಕಾಗದದಲ್ಲಿ ಸೋಸಿದೆ. ಸಿಕ್ಕಿದ್ದು ತೆಳು ಚಹಾದ ಬಣ್ಣದ ನೀರು. ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದರೆ ಮಂಕು ಹಳದಿಯ ಬೆಳಕು ಕಾಣಿಸಿತು. ಕಣ್ಣು ಕತ್ತಲೆಗೆ ಒಗ್ಗಿದ ಮೇಲೆ ಮಾತ್ರ ಕಾಣುವಂಥದ್ದು. ನನಗೆ ಖುಷಿಯಾಯಿತು. ಪ್ರೊಫೆಸರರು ಬಂದು ನೋಡಿ ಮೂಗು ಮುರಿದರು.

"ಇದೆಂತ ಬೆಳಕು? ಮಿಣುಕುಹುಳಕ್ಕೂ ಇದಕ್ಕಿಂತ ಜಾಸ್ತಿ ಉಂಟು. ನಿಮ್ಮ ಕೈಯಲ್ಲಿ ಆಗುವುದಿಲ್ಲ. ನಾಳೆ ನಾನೇ ಮಾಡ್ತೇನೆ."

ಅವರ ಮನೆತನದ್ದು ಹೋಟೆಲು. ನಮ್ಮ ಕಡೆ ಹೋಟೆಲೇ ಏಕೆ, ಯಾರ ಅಡುಗೆಮನೆಗೆ ಹೋದರೂ ಹಳೆಯ ಬಿಳಿ ಪಂಚೆಯ ಒಂದು ತುಂಡು ಇದ್ದೇ ಇರುತ್ತದೆ. ತೆಂಗಿನಹಾಲು ಹಿಂಡುವುದು ಅದರಲ್ಲಿ, ಪಾನಕ ಸೋಸುವುದು ಅದರಲ್ಲಿ, ಗಂಜಿ ಬಸಿಯುವಾಗ ಪಾತ್ರೆಯ ಬಾಯಿಗೆ ಕಟ್ಟುವುದೂ ಅದನ್ನೇ. ಮರುದಿನ ಪ್ರೊಫೆಸರರು ಬ್ಯಾಗಿನಿಂದ ಅಂಥದೇ ತುಂಡೊಂದನ್ನು ತೆಗೆದರು. ಬೆಳ್ಳಗೆ ತೊಳೆದು ಮಡಚಿಟ್ಟ ಬಟ್ಟೆ.

"ಸೋಸು ಕಾಗದ ದಂಡ. ಲೋ ಕಾಸ್ಟ್ ಅಂತ ಪ್ರಾಜೆಕ್ಟಿನ ಹೆಸರಿನಲ್ಲೇ ಉಂಟಲ್ವಾ? ಹಾಗಾದರೆ ಎಲ್ಲವೂ ಲೋ ಕಾಸ್ಟ್ ಆಗಬೇಕು" ಎಂದರು.

ಬಿಸಿಬಿಸಿ ದ್ರಾವಣವನ್ನು ಆ ಬಟ್ಟೆಗೆ ಸುರಿದು ಪಾಯಸ ಸೋಸಿದ ಹಾಗೆ ಸೋಸಿದರು, ಚಮಚದ ಹಿಂಬದಿಯಿಂದ ಒತ್ತಿ ಕೊನೆಯ ಹನಿಯವರೆಗೂ ಇಳಿಸಿದರು. ಕತ್ತಲೆ ಕೋಣೆಗೆ ಹೋದೆವು. ದೀಪ ಹಿಡಿದೆ. ಬಾಟಲಿಯೊಳಗೆ ಕಣ್ಣು ಕುಕ್ಕುವ ನೀಲಿ.

ನನ್ನ ಮುಖ ಹುಳ್ಳಗಾಯಿತು. ಅವರು ನನ್ನ ಭುಜದ ಮೇಲಿನಿಂದ ಬಗ್ಗಿ, "ಈಗ ಗೊತ್ತಾಯ್ತಾ, ಕೈಗುಣ ಅಂದರೆ ಎಂತ ಅಂತ?" ಎಂದರು. ಅಂದೇ ಪ್ರಾಂಶುಪಾಲರನ್ನು ಕರೆತಂದು ತೋರಿಸಿದರು. ಪ್ರಾಂಶುಪಾಲರು ಅರ್ಥಶಾಸ್ತ್ರದವರು. ಅವರು ಬಾಟಲಿಗೆ ಕೈಮುಗಿಯುವುದೊಂದು ಬಾಕಿ.

ಆಮೇಲಿನದ್ದೆಲ್ಲ ಓಟ. ಈ ನೀಲಿ ಬೆಳಕಿನಿಂದ ಟಿವಿ ಆಗುತ್ತದೆ, ಸೋಲಾರ್ ಆಗುತ್ತದೆ, ಕ್ಯಾನ್ಸರ್ ಗಡ್ಡೆ ಕಾಣಿಸುತ್ತದೆ ಎಂದು ಪ್ರೊಫೆಸರರು ಪತ್ರಿಕೆಯವರಿಗೆ ಹೇಳಿದರು. ಹೇಳುವುದಕ್ಕೆ ಆಮ್ಲವೂ ಬೇಡ, ಮಸಿಯೂ ಬೇಡ. ನಿಜಕ್ಕೂ ನಮ್ಮ ಕೈಯಲ್ಲಿ ಆಗಬಹುದಾದ ಉಪಯೋಗ ಒಂದೇ, ನೀರಿನ ಪರೀಕ್ಷೆ. ಇಂಥ ಡಾಟುಗಳಿರುವ ನೀರಿಗೆ ಕಬ್ಬಿಣದಂಥ ಲೋಹ ಸೇರಿದರೆ ಬೆಳಕು ಕುಗ್ಗುತ್ತದೆ. ನಾವು ರಟ್ಟಿನ ಪೆಟ್ಟಿಗೆಯೊಂದಕ್ಕೆ ಒಳಗೆ ಕಪ್ಪು ಕಾಗದ ಅಂಟಿಸಿ, ಜವಳಿ ಅಂಗಡಿಗಳಲ್ಲಿ ಖೋಟಾ ನೋಟು ನೋಡಲು ಇಡುವ ನೇರಳೆ ದೀಪವನ್ನು ಅದರೊಳಗೆ ಕೂರಿಸಿ, ಮೇಲೆ ನೋಡಲು ಒಂದು ತೂತು ಬಿಟ್ಟೆವು. ಸಣ್ಣ ಶೀಶೆಯಲ್ಲಿ ಬಾವಿಯ ನೀರು, ಅದಕ್ಕೆ ನಮ್ಮ ದ್ರಾವಣದ ಹನಿ. ನೀಲಿ ಉಳಿದರೆ ನೀರು ಒಳ್ಳೆಯದು, ನೀಲಿ ಆರಿದರೆ ನೀರಿನಲ್ಲಿ ಲೋಹ. ಪೆಟ್ಟಿಗೆ ಮಾಡಿದ್ದು ನಾನು, ಅದರಲ್ಲಿ ನನಗೆ ನಾಚಿಕೆ ಇಲ್ಲ, ಪೆಟ್ಟಿಗೆ ಚೆನ್ನಾಗಿತ್ತು.

ಶಿರ್ವದಲ್ಲಿ ಕೊಲ್ಲಿಯ ದುಡ್ಡಿನಲ್ಲಿ ಎದ್ದ ದೊಡ್ಡ ದೊಡ್ಡ ಮನೆಗಳ ಬಾವಿಗಳನ್ನು ನೋಡಿದೆವು. ಎಲ್ಲ ಕಡೆ ನೀಲಿ ಉಳಿಯಿತು, ಎಲ್ಲ ಕಡೆ ನಮಗೆ ಜ್ಯೂಸು ಸಿಕ್ಕಿತು. ಆಮೇಲೆ ಕಾಪುವಿನ ಪಂಚಾಯತ್ ಸದಸ್ಯರೊಬ್ಬರು ತಮ್ಮ ವಾರ್ಡಿಗೆ ಕರೆದರು. ಅವರ ಜೊತೆ ಆ ಶೆಡ್ಡುಗಳ ಬಾವಿಗೆ ಹೋದೆವು. ಶೀಶೆಗೆ ನೀರು ತುಂಬಿ ದ್ರಾವಣದ ಹನಿ ಬಿಟ್ಟೆ. ನೀಲಿ ಪಕ್ಕನೆ ಆರಿತು. ಇನ್ನೊಂದು ಶೀಶೆ ಹಿಡಿದೆ, ಅದೂ ಆರಿತು.

ಪ್ರೊಫೆಸರರ ಮುಖ ಅರಳಿತು. ಇಷ್ಟು ಹೊತ್ತು ಎಲ್ಲ ನೀರೂ ಒಳ್ಳೆಯದೇ ಆಗಿ ಅವರಿಗೆ ಬೇಸರ ಬಂದಿತ್ತು. "ಭಾರಲೋಹ! ಈ ನೀರು ಮುಟ್ಟಬಾರದು" ಎಂದು ಅಲ್ಲೇ ಘೋಷಿಸಿದರು. ಯಾವ ಲೋಹ, ಎಷ್ಟು, ಎಲ್ಲಿಂದ ಬಂತು, ಯಾರೂ ಕೇಳಲಿಲ್ಲ. ಸದಸ್ಯರು ಕೂಡಲೇ ಬಡಗಿಯನ್ನು ಕರೆಸಿ ಬಾವಿಯ ಕಟ್ಟೆಯ ಮೇಲೆ ಅಡ್ಡ ಪಟ್ಟಿ ಇಟ್ಟು ಹಲಗೆ ಹೊಡೆಸಿದರು.

ಶೆಡ್ಡಿನಿಂದ ಒಬ್ಬ ಹೆಂಗಸು ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಬಂದು ನಿಂತಳು. ಗದಗದ ಕಡೆಯವಳು, ಸಿಮೆಂಟು ಹೊರುವ ಕೆಲಸದವಳು. ಪ್ರೊಫೆಸರರನ್ನು ಬಿಟ್ಟು ನೇರ ನನ್ನನ್ನೇ ಕೇಳಿದಳು.

"ಏನ್ರಿ ಮೇಡಂ, ನಿಮ್ಮ ದೀಪ ಆರಿದ್ರ ನಮ್ಮ ನೀರು ಕೆಟ್ಟಂಗ ಏನ್ರಿ?"

"ಹೌದಮ್ಮ, ನೀರಿನಲ್ಲಿ ಲೋಹ ಇದೆ ಅಂತ ತೋರಿಸ್ತಾ ಇದೆ."

"ಮತ್ತ ನಾವು ಎಲ್ಲಿಂದ ತರೂದ್ರಿ? ಹೈವೇ ದಾಟಿ ನಳಕ್ಕ ಹೋಗಿ ಪಾಳಿ ಹಚ್ಚಿದ್ರ, ಕೆಲಸದ ಲಾರಿ ನಮ್ಮನ್ನ ಕಾಯ್ಕೊಂತ ನಿಲ್ಲತೈತೇನ್ರಿ? ಲಾರಿ ತಪ್ಪಿದ್ರ ಆ ದಿನದ ಕೂಲಿ ಹೋತ್ರಿ."

ಪ್ರೊಫೆಸರರು ಜೀಪು ಹತ್ತಿ ಹಾರ್ನು ಹೊಡೆಸಿದರು. ಬಾವಿಯನ್ನು ದಾಟಿ ಬರುವಾಗ ಹಲಗೆ ಹೊಡೆಯುವ ಮೊದಲೇ ಸೇದಿಟ್ಟಿದ್ದ ಒಂದು ಬಕೆಟು ನೀರು ಕಂಡಿತು. ಅದನ್ನು ಒಂದು ಕ್ಯಾನಿಗೆ ಸುರಿದುಕೊಂಡು ತಂದೆ.

ಆ ನೀರಿಗೆ ಮೊದಲು ಹಳೆಯ ಪರೀಕ್ಷೆ ಮಾಡಿದೆ. ಆಮ್ಲದ ಹನಿ, ಥಯೋಸಯನೇಟಿನ ಹನಿ. ಕಬ್ಬಿಣ ಇದ್ದರೆ ರಕ್ತದಂತೆ ಕೆಂಪಾಗಬೇಕು. ಕೆಂಪಿನ ಸುಳಿವೂ ಇಲ್ಲ. ಸೀಸಕ್ಕೆ, ತಾಮ್ರಕ್ಕೆ, ಪ್ರಯೋಗಶಾಲೆಯಲ್ಲಿ ಸಾಮಗ್ರಿ ಇದ್ದ ಇನ್ನಷ್ಟು ಲೋಹಗಳಿಗೆ ನೋಡಿದೆ. ಏನೂ ಇಲ್ಲ. ಪ್ರೊಫೆಸರರ ಬಳಿ ಹೋಗಿ ಹೇಳಿದೆ.

"ಅದು ಪಿಯುಸಿ ಮಕ್ಕಳ ಪರೀಕ್ಷೆ ಮಾರಾಯ್ರೆ. ಅದಕ್ಕೆ ಕಾಣದ್ದು ಕ್ವಾಂಟಂಗೆ ಕಾಣ್ತದೆ."

ಲೋಹದಿಂದ ಇಷ್ಟು ಪಕ್ಕನೆ ಬೆಳಕು ಆರಬೇಕಾದರೆ ಅದು ಧಾರಾಳವಾಗಿ ಇರಬೇಕು. ಧಾರಾಳವಾಗಿ ಇದ್ದರೆ ಪಿಯುಸಿ ಮಕ್ಕಳಿಗೂ ಕಾಣುತ್ತದೆ. ಇಷ್ಟು ಲೆಕ್ಕ ಅವರಿಗೆ ಬರುತ್ತಿರಲಿಲ್ಲ ಎಂದಲ್ಲ, ಬೇಕಾಗಿರಲಿಲ್ಲ. ಕಾಲೇಜಿನಲ್ಲಿ ಪೆಟ್ಟಿಗೆಯ ಲೋಕಾರ್ಪಣೆಗೆ ದಿನ ನಿಗದಿಯಾಗಿತ್ತು.

ಕ್ಯಾನಿನ ಮುಚ್ಚಳ ತೆರೆದು ಮೂಸಿದೆ. ಬ್ಲೀಚಿಂಗ್ ಪೌಡರಿನ ವಾಸನೆ. ಕಾಮಾಲೆ, ವಾಂತಿಭೇದಿ ಎಂಬ ಹೆದರಿಕೆಯಿಂದ ಪಂಚಾಯತಿನವರು ಶೆಡ್ಡಿನ ಬಾವಿಗಳಿಗೆ ಅದನ್ನು ಸುರಿಯುತ್ತಿದ್ದರು. ಶಿರ್ವದ ಬಂಗಲೆಗಳ ಬಾವಿಗೆ ಯಾರೂ ಸುರಿಯುತ್ತಿರಲಿಲ್ಲ. ಆಗ ನನಗೆ ಒಂದು ಪ್ರಶ್ನೆ ಎದ್ದಿತು. ಬ್ಲೀಚಿಂಗ್ ಪೌಡರು ಪಕ್ಕನೆ ಕೊಲ್ಲುವುದು ಬಣ್ಣವನ್ನು, ಬಟ್ಟೆಯ ಕಲೆಯನ್ನು. ಮಸಿಯನ್ನೇ ಆಮ್ಲದಲ್ಲಿ ಕುದಿಸಿ ಮಾಡಿದ ಕಣ ಇಷ್ಟು ಸುಲಭಕ್ಕೆ ಸಾಯುತ್ತದೆಯೇ? ಉಳಿದಿದ್ದ ನನ್ನ ಮೊದಲಿನ ಮಂಕು ಹಳದಿ ದ್ರಾವಣವನ್ನು ಹುಡುಕಿ ತೆಗೆದು ಕಾಪುವಿನ ನೀರಿಗೆ ಹಾಕಿ ನೋಡಿದೆ. ಹಳದಿ ಅಷ್ಟೇ ಮಂಕಾಗಿ, ಹಾಗೆಯೇ ಉಳಿಯಿತು.

ಎರಡೂ ಒಂದೇ ಮಸಿ, ಒಂದೇ ಆಮ್ಲ, ಒಂದೇ ಸೋಡಾ. ಒಂದು ಹಳದಿ, ಇನ್ನೊಂದು ನೀಲಿ. ಒಂದು ಬ್ಲೀಚಿಗೆ ಜಗ್ಗುವುದಿಲ್ಲ, ಇನ್ನೊಂದು ಅದನ್ನು ಕಂಡರೆ ಸಾಯುತ್ತದೆ. ವ್ಯತ್ಯಾಸ ಎಲ್ಲಿ ಎಂದು ತಲೆ ಕೆರೆದುಕೊಂಡೆ, ತಿಳಿಯಲಿಲ್ಲ.

ತಿಳಿಸಿಕೊಟ್ಟವರು ಪ್ರೊಫೆಸರರೇ. ಪತ್ರಿಕೆಯವರು ಫೋಟೋ ತೆಗೆಯಲು ಬರುವ ದಿನ ಅವರು ಪ್ಯಾಂಟು ಬಿಟ್ಟು ಬಿಳಿ ಪಂಚೆ, ಬಿಳಿ ಅಂಗಿ, ಹೆಗಲಿಗೆ ಶಾಲು ಹಾಕಿಕೊಂಡು ಬಂದರು. ಅಜ್ಜಿಯ ಕಾಡಿಗೆಯ ವಿಜ್ಞಾನಿ ಹಾಗೆಯೇ ಕಾಣಬೇಕಂತೆ. ಫೋಟೋಗ್ರಾಫರ್ ಬರುವ ಮೊದಲು ಕತ್ತಲೆ ಕೋಣೆಯಲ್ಲಿ ಒಮ್ಮೆ ನೋಡೋಣ ಎಂದರು. ನಾನು ಬಾಟಲಿಯನ್ನು ಮೇಜಿನ ಮೇಲಿಟ್ಟು ದೀಪ ಹಾಕಿದೆ. ಅವರು ಬಗ್ಗಿದರು. ಬಾಟಲಿಯ ನೀಲಿಯ ಪಕ್ಕದಲ್ಲಿ ಅವರ ಪಂಚೆ ಹೊಳೆಯಿತು. ಸೊಂಟದಿಂದ ಪಾದದವರೆಗೆ ಅದೇ ನೀಲಿ, ಒಂದಿಷ್ಟೂ ಬೇರೆಯಲ್ಲ.

ಅವರು ಬಾಟಲಿ ನೋಡಿದರು. ನಾನು ಪಂಚೆ ನೋಡಿದೆ.

ಬಟ್ಟೆ ಒಗೆಯುವ ಪುಡಿಗಳಲ್ಲಿ ಬಿಳುಪು ಕಾಣಿಸಲು ಒಂದು ರಾಸಾಯನಿಕ ಹಾಕಿರುತ್ತಾರೆ. ಅದು ಕೊಳೆ ತೆಗೆಯುವುದಿಲ್ಲ, ಬಟ್ಟೆಗೆ ಅಂಟಿಕೊಂಡು ಬಿಸಿಲಿನ ನೇರಳಾತೀತವನ್ನು ಹೀರಿ ನೀಲಿ ಬೆಳಕು ಕೊಡುತ್ತದೆ, ಅಷ್ಟಕ್ಕೇ ನಮಗೆ ಬಟ್ಟೆ ಬೆಳ್ಳಗಾದಂತೆ ಕಾಣುತ್ತದೆ. ಬಿಸಿ ಸೋಡಾ ನೀರು ಸುರಿದರೆ ಅದರಲ್ಲಿ ಸ್ವಲ್ಪ ಬಟ್ಟೆ ಬಿಟ್ಟು ನೀರಿಗೆ ಇಳಿಯುತ್ತದೆ. ಸೋಸುವುದೆಂದರೆ ಏನನ್ನೋ ತೆಗೆಯುವುದು ಎಂದು ನಾವೆಲ್ಲ ತಿಳಿದಿದ್ದೆವು. ನಮ್ಮ ಪ್ರೊಫೆಸರರು ಸೋಸಿ ಸೇರಿಸಿದ್ದರು.

ಫೋಟೋಗ್ರಾಫರ್ ಹೋದ ಮೇಲೆ ನಾನು ಮೊದಲ ದಿನವೇ ಯಾರಾದರೂ ಮಾಡಬೇಕಿದ್ದ ಕೆಲಸ ಮಾಡಿದೆ. ಮಸಿ ಇಲ್ಲದೆ ಪ್ರಯೋಗ. ಬರೀ ನೀರಿಗೆ ಸೋಡಾ ಹಾಕಿ ಬಿಸಿ ಮಾಡಿ, ಪ್ರೊಫೆಸರರು ತೊಳೆಸಿ ತಂದಿಟ್ಟಿದ್ದ ಪಂಚೆಯ ಇನ್ನೊಂದು ತುಂಡಿನಲ್ಲಿ ಸೋಸಿದೆ. ದೀಪ ಹಿಡಿದರೆ ಝಗ್ ಎಂದು ನೀಲಿ. ಅದನ್ನು ಕಾಪುವಿನ ನೀರಿಗೆ ಹಾಕಿದೆ, ಆರಿತು. ಉಡುಪಿಯ ಫೋಟೋ ಸ್ಟುಡಿಯೋ ಒಂದರಿಂದ ಹೈಪೋ ಉಪ್ಪು ತಂದೆ. ಫಿಲಂ ತೊಳೆಯಲು ಬಳಸುವ ಆ ಉಪ್ಪು ನೀರಿನಲ್ಲಿರುವ ಕ್ಲೋರಿನ್ನನ್ನು ಕೊಲ್ಲುತ್ತದೆ. ಕಾಪುವಿನ ನೀರಿಗೆ ಮೊದಲು ಹೈಪೋ ಹಾಕಿ, ಆಮೇಲೆ ನೀಲಿ ದ್ರಾವಣ ಹಾಕಿದೆ. ನೀಲಿ ಆರಲಿಲ್ಲ. ಬಾವಿಯಲ್ಲಿ ಭಾರಲೋಹವೂ ಇರಲಿಲ್ಲ, ಬಾಟಲಿಯ ನೀಲಿ ಕ್ವಾಂಟಂ ಡಾಟಿನದೂ ಆಗಿರಲಿಲ್ಲ. ಬಾವಿಯಲ್ಲಿ ಪಂಚಾಯತಿನವರೇ ಸುರಿದ ಬ್ಲೀಚಿಂಗ್ ಪೌಡರು, ಬಾಟಲಿಯಲ್ಲಿ ಪ್ರೊಫೆಸರರ ಮನೆಯ ಸಾಬೂನು ಪುಡಿ. ನಿಜವಾದ ಡಾಟುಗಳ ಬೆಳಕು ಇದ್ದದ್ದು ಅವರು ಮಿಣುಕುಹುಳ ಎಂದು ಬದಿಗೆ ತಳ್ಳಿದ ಆ ಮಂಕು ಹಳದಿ ಬಾಟಲಿಯಲ್ಲಿ.

ಶೀಶೆಗಳನ್ನು ಸಾಲಾಗಿ ಇಟ್ಟು ಅವರನ್ನು ಕರೆದೆ. ಒಂದೊಂದನ್ನೇ ತೋರಿಸಿದೆ. ಅವರು ಎಲ್ಲವನ್ನೂ ನೋಡಿದರು. ದಡ್ಡರಲ್ಲ, ಅರ್ಥವಾಯಿತು. ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸಿಕೊಂಡರು. ಈಗಲಾದರೂ ತಪ್ಪಾಯಿತು ಎನ್ನುತ್ತಾರೆ ಎಂದು ಕಾದೆ.

"ಹಾಗಾದರೆ ಒಂದು ಕೆಲಸ ಮಾಡಿ. ಬಟ್ಟೆಯಲ್ಲಿ ಸೋಸುವುದು ಕೂಡ ವಿಧಾನದ ಒಂದು ಹಂತ ಅಂತ ಬರೆಯಿರಿ. ಬೆಳಕು ಬರುವುದು ಮುಖ್ಯ, ಅಲ್ವಾ?"

ನಾನು ತಮಾಷೆ ಎಂದುಕೊಂಡೆ. ತಮಾಷೆ ಅಲ್ಲ.

"ಸರ್, ಮಸಿ ಇಲ್ಲದೆಯೂ ಬೆಳಕು ಬರ್ತಾ ಉಂಟು."

"ಅದನ್ನು ಬರೆಯಬೇಡಿ."

"ಕಾಪುವಿನ ಬಾವಿಗೆ ಹಲಗೆ ಹೊಡೆಸಿದ್ದೇವೆ ಸರ್. ಅದನ್ನಾದರೂ ತೆಗೆಸಬೇಕಲ್ವಾ?"

"ಎಂತ ಮಾರಾಯ್ರೆ ನೀವು! ಲೋಕಾರ್ಪಣೆಗೆ ದೊಡ್ಡ ದೊಡ್ಡವರು ಬರ್ತಾರೆ. ಈಗ ಹೋಗಿ ಬಾವಿ ಸರಿ ಉಂಟು ಅಂದರೆ ಪೆಟ್ಟಿಗೆ ಸರಿ ಇಲ್ಲ ಅಂತ ಆಗ್ತದೆ. ಅವರು ಘಟ್ಟದ ಮೇಲಿನವರು. ಇವತ್ತು ಕಾಪು, ನಾಳೆ ಇನ್ನೊಂದು ಕಡೆ. ಅವರಿಗೆ ಒಂದು ಬಾವಿ ಹೋದರೆ ಎಂತ?"

ಬಟ್ಟೆಯಲ್ಲಿ ಸೋಸಿದ್ದು ತಪ್ಪು, ಅಂಥ ತಪ್ಪು ಯಾರಿಗೂ ಆಗುತ್ತದೆ, ನನ್ನ ಅಮ್ಮನ ಅಡುಗೆಮನೆಯಲ್ಲಿಯೂ ಅದೇ ಬಟ್ಟೆ ಇದೆ. ಈ ಮಾತು ತಪ್ಪಲ್ಲ, ಇದು ಹೊಲಸು. ಅಂದಿನಿಂದ ಆ ಮನುಷ್ಯನ ಬಗ್ಗೆ ನನಗೆ ಸಿಟ್ಟು ಕೂಡ ಉಳಿಯಲಿಲ್ಲ, ಅಸಹ್ಯ ಮಾತ್ರ ಉಳಿಯಿತು. ವೇದಿಕೆಯಲ್ಲಿ ದೀಪ ಹಿಡಿಯಲು ನಾನು ಬರುವುದಿಲ್ಲ ಎಂದೆ. ನಿಮ್ಮ ಪ್ರಬಂಧದ ಬಗ್ಗೆ ಯೋಚನೆ ಮಾಡಿಕೊಳ್ಳಿ ಎಂದು ಅವರು ಮೆಲ್ಲಗೆ ಹೇಳಿದರು. ಬಾಯಿಯ ತುಂಬ ಬೆಣ್ಣೆ.

ಯೋಚನೆ ಮಾಡಿದೆ. ಬೆಳ್ಮಣ್ಣಿನ ಬಸ್ಸಿನಲ್ಲಿ ಕುಳಿತು ಅದನ್ನೇ ಮಾಡಿದೆ. ವರ್ಷಗಟ್ಟಲೆ ಕಂದು ಹೊಗೆ ಕುಡಿದು ಮಾಡಿದ ಕೆಲಸಕ್ಕೆ ಆ ಪೆನ್ನು ಬೇಕಿತ್ತು, ಇದು ಸುಳ್ಳಲ್ಲ. ಮನೆಯಲ್ಲಿ ಕೇಳಿದರೆ ಸುಮ್ಮನಿರು ಎನ್ನುತ್ತಿದ್ದರು, ಹಾಗಾಗಿ ಕೇಳಲಿಲ್ಲ.

ಲೋಕಾರ್ಪಣೆಯ ದಿನ ನಾನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತೆ. ಜೂನಿಯರ್ ಉಪನ್ಯಾಸಕರೊಬ್ಬರು ದೀಪ ಹಿಡಿದರು. ಸಣ್ಣ ಪೆಟ್ಟಿಗೆ ದೂರಕ್ಕೆ ಕಾಣುವುದಿಲ್ಲವೆಂದು ನಾಟಕದವರ ದೊಡ್ಡ ನೇರಳೆ ದೀಪವೊಂದನ್ನು ಬಾಡಿಗೆಗೆ ತಂದಿದ್ದರು. ಲೈಟು ಆರಿಸಿ ಅದನ್ನು ಹಾಕಿದಾಗ ಮೇಜಿನ ಮೇಲಿನ ಬಾಟಲಿ ಹೊಳೆಯಿತು. ಅದರ ಜೊತೆಗೆ ಮುಖ್ಯ ಅತಿಥಿಗಳ ಪಂಚೆ, ಅಧ್ಯಕ್ಷರ ಜುಬ್ಬಾ, ಪ್ರಾಂಶುಪಾಲರ ಅಂಗಿ, ಎಲ್ಲವೂ ಹೊಳೆದವು. ತಲೆಗಳಿಲ್ಲದ ನೀಲಿ ಬಟ್ಟೆಗಳು ವೇದಿಕೆಯಲ್ಲಿ ಸಾಲಾಗಿ ಕುಳಿತಿದ್ದವು. ಒಬ್ಬರಿಗಾದರೂ ಅನುಮಾನ ಬರುತ್ತದೆ ಎಂದು ನಾನು ಉಸಿರು ಹಿಡಿದೆ. ಸಭೆ ಚಪ್ಪಾಳೆ ತಟ್ಟಿತು. ಎಷ್ಟೋ ಹೊತ್ತು ತಟ್ಟಿತು. ಪ್ರೊಫೆಸರರು ಮೈಕಿನಲ್ಲಿ, "ನೋಡಿ, ಈ ತಂತ್ರಜ್ಞಾನ ನಮ್ಮನ್ನೆಲ್ಲ ಬೆಳಗುತ್ತಿದೆ" ಎಂದರು. ನಾನು ಉಪಾಹಾರಕ್ಕೂ ನಿಲ್ಲದೆ ಹೊರಟೆ.

ಮರುದಿನ ಬೆಳಿಗ್ಗೆ ಕಾಲೇಜಿಗೆ ಹೋಗಲಿಲ್ಲ. ಹಿಂದಿನ ದಿನ ಹೊರಡುವಾಗಲೇ ಎತ್ತಿಕೊಂಡು ಬಂದಿದ್ದ, ನಾನೇ ಮಾಡಿದ ಪೆಟ್ಟಿಗೆಯನ್ನು ಚೀಲಕ್ಕೆ ತುಂಬಿಕೊಂಡು, ನೀಲಿ ದ್ರಾವಣ, ಹೈಪೋ, ಒಂದು ಪೊಟ್ಟಣ ಬ್ಲೀಚಿಂಗ್ ಪೌಡರು ಹಿಡಿದುಕೊಂಡು ಕಾಪುವಿನ ಬಸ್ಸು ಹತ್ತಿದೆ. ಪಂಚಾಯತ್ ಸದಸ್ಯರು ಮನೆಯ ಜಗಲಿಯಲ್ಲಿ ಪೇಪರು ಓದುತ್ತಿದ್ದರು. ಪೇಪರಿನಲ್ಲಿ ಪ್ರೊಫೆಸರರ ಫೋಟೋ ಇತ್ತು.

"ಬನ್ನಿ ಮೇಡಂ, ಬನ್ನಿ. ನಿನ್ನೆ ಭಾರೀ ಗೌಜಿ ಅಂತಲ್ವಾ? ಪುನಃ ಎಂತ ಟೆಸ್ಟು?"

"ನಿಮ್ಮ ಬಾವಿಯ ನೀರು ಒಂದು ಲೋಟ ಕೊಡಿ."

ಕೊಟ್ಟರು. ಒಳ್ಳೆಯ ನೀರು. ಶೀಶೆಗೆ ಹಾಕಿ ಹನಿ ಬಿಟ್ಟು ಪೆಟ್ಟಿಗೆಯ ತೂತಿನಲ್ಲಿ ನೋಡಲು ಹೇಳಿದೆ.

"ನೀಲಿ ಉಂಟು" ಎಂದು ನಕ್ಕರು.

ಅವರ ಕಣ್ಣೆದುರಿಗೇ ಅದೇ ಶೀಶೆಗೆ ಬ್ಲೀಚಿಂಗ್ ಪೌಡರಿನ ಒಂದು ಚಿಟಿಕೆ ಹಾಕಿ ಅಲುಗಾಡಿಸಿ ಒಳಗಿಟ್ಟೆ. ಅವರು ಮತ್ತೆ ಬಗ್ಗಿದರು. ಬಗ್ಗಿದವರು ಎದ್ದು ನನ್ನ ಮುಖ ನೋಡಿದರು.

"ಹೋಯ್ತಲ್ಲ! ಇದೆಂತ ಮೇಡಂ?"

"ಈಗ ನಿಮ್ಮ ಬಾವಿಗೂ ಹಲಗೆ ಹೊಡೆಸುತ್ತೀರಾ? ಶೆಡ್ಡಿನ ಬಾವಿಗೆ ನೀವು ಹಾಕಿಸಿದ ಪೌಡರೇ ಬೆಳಕನ್ನು ತಿಂದದ್ದು. ಅಲ್ಲಿ ಲೋಹ ಇಲ್ಲ, ಎಂಥದೂ ಇಲ್ಲ." ಇಷ್ಟು ಹೇಳಿ ದೀಪವನ್ನು ಪೆಟ್ಟಿಗೆಯಿಂದ ತೆಗೆದು ಜಗಲಿಯ ಕತ್ತಲೆ ಮೂಲೆಯಲ್ಲಿ ಅವರ ಪಂಚೆಯ ಮೇಲೆ ಹಿಡಿದೆ. "ಆ ನೀಲಿ ಎಲ್ಲಿಂದ ಬಂದದ್ದು ಅಂತ ಈಗ ನೋಡಿ."

ಅವರು ಪಂಚೆಯ ಅಂಚನ್ನು ಹಿಡಿದು ಆಚೀಚೆ ಮಾಡಿದರು. "ನನ್ನ ಮುಂಡಿನಲ್ಲೂ ಉಂಟಾ ಇದು? ಅಯ್ಯೋ ದೇವರೇ. ಪ್ರೊಫೆಸರರಿಗೆ ಗೊತ್ತುಂಟಾ?"

"ಚೆನ್ನಾಗಿ ಗೊತ್ತುಂಟು."

ಅವರು ಪೇಪರನ್ನು ಮಡಚಿ ಪಕ್ಕಕ್ಕೆ ಇಟ್ಟರು. ಆದರೂ ಒಮ್ಮೆಗೇ ಏಳಲಿಲ್ಲ. ಹೊಡೆಸಿದ್ದನ್ನು ಕೀಳಿಸಿದರೆ ಜನ ನಗುತ್ತಾರೆ, ನಾಳೆ ಯಾರಿಗಾದರೂ ಹೊಟ್ಟೆನೋವು ಬಂದರೆ ಯಾರು ಜವಾಬ್ದಾರಿ, ಪ್ರೊಫೆಸರರು ಒಂದು ಮಾತು ಹೇಳಲಿ ಎಂದು ಎಳೆದಾಡಿದರು. ಒಂದು ಕಾಗದ ಕೊಡಿ ಎಂದೆ. ಬಾವಿಯ ನೀರಿನಲ್ಲಿ ಲೋಹ ಸಿಕ್ಕಿಲ್ಲ, ಮೊದಲಿನ ಪರೀಕ್ಷೆ ತಪ್ಪು, ಆ ಪರೀಕ್ಷೆ ಮಾಡಿದವಳೂ ನಾನೇ ಎಂದು ಬರೆದು ನನ್ನ ಹೆಸರಿನ ಸಹಿ ಹಾಕಿದೆ. ಆ ಸಹಿ ಹಾಕುವಾಗ ಇನ್ನೊಂದು ಸಹಿಗೆ ಎಳ್ಳುನೀರು ಬಿಟ್ಟೆ ಎಂದು ನನಗೆ ಗೊತ್ತಿತ್ತು. ಕಾಗದವನ್ನು ಸದಸ್ಯರ ಕೈಗೆ ಕೊಟ್ಟೆ.

ಬಡಗಿ ಬಂದ. ಹೊಡೆದವನೇ ಕಿತ್ತ. ಕೆಲಸದ ಲಾರಿ ಆಗಲೇ ಹೋಗಿತ್ತು, ಶೆಡ್ಡುಗಳಲ್ಲಿ ಹೆಚ್ಚು ಜನ ಇರಲಿಲ್ಲ. ಆ ಗದಗದ ಹೆಂಗಸು ಇದ್ದಳು. ಲಾರಿ ತಪ್ಪಿಸಿಕೊಂಡು, ಹೆದ್ದಾರಿಯ ಆಚೆಯಿಂದ ತಂದ ಎರಡು ಕೊಡಗಳನ್ನು ಆಗಷ್ಟೇ ಇಳಿಸಿ ಗೋಡೆಗೆ ಒರಗಿ ನಿಂತಿದ್ದಳು. ಸದಸ್ಯರು ದೂರದಲ್ಲಿಯೇ ನಿಂತು ಗಂಟಲು ಸರಿಮಾಡಿಕೊಂಡು, ನೀರು ಸರಿ ಉಂಟು, ಇನ್ನು ಬಳಸಬಹುದು ಎಂದರು. ಅವಳು ಅವರ ಕಡೆ ನೋಡಲೇ ಇಲ್ಲ. ನನ್ನ ಚೀಲವನ್ನು ನೋಡಿದಳು.

"ಇವತ್ತ ದೀಪ ಹತ್ತೇತೇನ್ರಿ?"

"ಇಲ್ಲಮ್ಮ, ದೀಪದ ಲೆಕ್ಕವೇ ತಪ್ಪಾಗಿತ್ತು. ನಿಮ್ಮ ನೀರಿಗೆ ಏನೂ ಆಗಿರಲಿಲ್ಲ. ಪಂಚಾಯತಿನವರು ಹಾಕಿದ ಪುಡಿಯಿಂದ ದೀಪ ಆರಿದ್ದು."

ಅವಳು ಕಟ್ಟೆಯ ಬಳಿಗೆ ಬಂದು ಹಗ್ಗ ಬಿಟ್ಟಳು. ರಾಟೆ ಬಹಳ ದಿನ ತಿರುಗದೆ ಕಿರುಗುಟ್ಟಿತು. ಬಕೆಟು ಮೇಲೆ ಬಂದ ಮೇಲೆ ಒಂದು ಚರಿಗೆಯನ್ನು ಅದ್ದಿ ತೆಗೆದು ನನ್ನ ಮುಂದೆ ಹಿಡಿದಳು.

"ಹಂಗಿದ್ರ ಮೊದಲ ನೀವ ಕುಡೀರಿ."

ಚರಿಗೆ ತೆಗೆದುಕೊಂಡು ಕುಡಿದೆ. ತಣ್ಣಗಿತ್ತು, ಗಂಟಲಿನಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಸ್ವಲ್ಪ ಹಾಗೆಯೇ ಉಳಿದಿತ್ತು. ಅವಳು ನಾನು ಕುಡಿಯುವುದನ್ನು ಕೊನೆಯವರೆಗೆ ನೋಡಿದಳು. ಆಮೇಲೆ ಹೆದ್ದಾರಿಯ ಆಚೆಯಿಂದ ಹೊತ್ತು ತಂದಿದ್ದ ಎರಡೂ ಕೊಡಗಳ ನೀರನ್ನು ನನ್ನ ಕಾಲ ಬುಡದಲ್ಲೇ ಸುರಿದು ಖಾಲಿ ಮಾಡಿದಳು.

"ಪುಡಿ ಹಾಕಿದ್ದು ಅವತ್ತ ನಮಗೂ ಗೊತ್ತಿತ್ರಿ ಮೇಡಂ. ಕೇಳಿದ್ರ ಹೇಳತಿದ್ವಿ" ಎಂದಳು.

ಖಾಲಿ ಕೊಡವನ್ನು ಕಟ್ಟೆಯ ಮೇಲಿಟ್ಟು ಹಗ್ಗವನ್ನು ಮತ್ತೆ ಬಾವಿಗೆ ಬಿಟ್ಟಳು.